ನೋಟರ್ ಡೇಮ್‌ನ ಮೊದಲ ಕೋಚ್ ನೂಟ್ ರಾಕ್ನಿ ಅಲ್ಲ

ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಕಟ್ಟಿದ ಮೊದಲ ಕೋಚ್ ನೂಟ್ ರಾಕ್ನಿ, ಚೆಂಡನ್ನು ಮುಂದಕ್ಕೆ ಎಸೆಯುವ ಫಾರ್ವರ್ಡ್ ಪಾಸ್ ಕಂಡುಹಿಡಿದದ್ದೂ ಅವರೇ ಎಂಬ ಮಾತು ಓಡಾಡುತ್ತಿದೆ. ಎರಡೂ ತಪ್ಪು. (ಇದು ನಮ್ಮ ಕಾಲ್ಚೆಂಡಾಟ ಅಲ್ಲ, ಅಮೆರಿಕದವರ ಫುಟ್‌ಬಾಲ್.)

ನೋಟರ್ ಡೇಮ್‌ನಲ್ಲಿ ಆಟ ಶುರುವಾಗಿದ್ದು 1887ರಲ್ಲಿ. ಆಗ ರಾಕ್ನಿ ಹುಟ್ಟಿರಲೇ ಇಲ್ಲ. 1894ರಲ್ಲಿ ಜೇಮ್ಸ್ ಮಾರಿಸನ್ ಮೊದಲ ಹೆಡ್ ಕೋಚ್ ಆದರು. ಆಮೇಲೆ ಹಲವರು ಬಂದುಹೋದರು. 1913ರಿಂದ 1917ರವರೆಗೆ ಜೆಸ್ಸಿ ಹಾರ್ಪರ್ ಇದ್ದರು. ಹಾರ್ಪರ್ ಕೈಕೆಳಗೆ ರಾಕ್ನಿ ಮೊದಲು ಆಟಗಾರ, ಆಮೇಲೆ ಸಹಾಯಕ. ಹೆಡ್ ಕೋಚ್ ಆದದ್ದು 1918ರಲ್ಲಿ.

ಇನ್ನು ಪಾಸ್ ವಿಷಯ. ನಿಯಮ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1906ರಲ್ಲಿ. ಅದೇ ವರ್ಷ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಕೋಚ್ ಎಡ್ಡಿ ಕೋಕೆಮ್ಸ್ ಅದನ್ನು ಚೆನ್ನಾಗಿ ಬಳಸಿಕೊಂಡರು. ಹಾಗಾದರೆ ರಾಕ್ನಿ ಹೆಸರು ಯಾಕೆ ಅಂಟಿಕೊಂಡಿತು? 1913ರಲ್ಲಿ ನೋಟರ್ ಡೇಮ್ ಬಲಿಷ್ಠ ಆರ್ಮಿ (ಅಮೆರಿಕದ ಸೇನಾ ಅಕಾಡೆಮಿ) ತಂಡವನ್ನು 35-13ರಿಂದ ಸೋಲಿಸಿತು. ಗಸ್ ಡೊರೈಸ್ ಎಸೆದರು, ರಾಕ್ನಿ ಹಿಡಿದರು. ಆ ಬೇಸಿಗೆಯಲ್ಲಿ ಇಬ್ಬರೂ ಒಹಾಯೋದ ಸೀಡರ್ ಪಾಯಿಂಟ್‌ನಲ್ಲಿ ಇದನ್ನೇ ಅಭ್ಯಾಸ ಮಾಡಿದ್ದರು. ಎಸೆದ ಡೊರೈಸ್‌ರನ್ನು ಜನ ಮರೆತದ್ದು ಅನ್ಯಾಯವೇ, ಅಲ್ವಾ?

ರಾಕ್ನಿಗೆ ಇಲ್ಲದ ಕಿರೀಟ ಬೇಕಾಗಿಯೂ ಇಲ್ಲ. 13 ಋತುಗಳಲ್ಲಿ 105 ಗೆಲುವು, 12 ಸೋಲು, 5 ಡ್ರಾ. 1931ರ ಮಾರ್ಚ್‌ನಲ್ಲಿ ಕಾನ್ಸಾಸ್‌ನ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಹಂಕ್ ಆಂಡರ್ಸನ್ ಬಂದರು.