ಬನಶಂಕರಿಯಲ್ಲೊಂದು ಬ್ಲ್ಯಾಕ್ ಡೈಮಂಡ್

ಮೌಂಟೇನ್ ಬೈಕಿಂಗ್ ಎಂಬ ಆಟ ಬೆಟ್ಟದಲ್ಲಿ ಹುಟ್ಟಿತು ಎನ್ನುತ್ತದೆ ಚರಿತ್ರೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವರು ಹಳೇ ಶ್ವಿನ್ ಸೈಕಲ್‌ಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ, ಸುಮಾರು 400 ಮೀಟರ್ ಎತ್ತರದ ಇಳಿಜಾರನ್ನು ಮಣ್ಣುದಾರಿಯಲ್ಲಿ ಧಡಧಡನೆ ಇಳಿದು ಪಂದ್ಯ ಆಡಿದರು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಡುತ್ತಿತ್ತು. ಪ್ರತಿಸಲವೂ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಪಾಪ, ಅವರ ಊರಿನ ರಸ್ತೆಗಳು ಚೆನ್ನಾಗಿದ್ದವೇನೋ. ಇಲ್ಲದಿದ್ದರೆ ಅಷ್ಟು ಕಷ್ಟಪಟ್ಟು ಗುಡ್ಡ ಹತ್ತುವ ಗತಿ ಯಾಕೆ ಬರುತ್ತಿತ್ತು?

ಬೆಂಗಳೂರಿನ ನಮ್ಮ ಗುಂಪಿನವರಿಗೂ ಬಹಳ ಕಾಲ ಇದೇ ಭ್ರಮೆಯಿತ್ತು. ರಜೆ ಸಿಕ್ಕಿತೆಂದರೆ ಬೆಳಗಿನ ಜಾವವೇ ಎದ್ದು, ಸೈಕಲ್ಲನ್ನು ಕಾರಿನ ಬೆನ್ನಿಗೆ ಬಿಗಿದು, ಗುಡ್ಡ ಹುಡುಕಿಕೊಂಡು ಹೊರಡುವುದು. ಸೈಕಲ್ ತುಳಿಯೋಕೆ ಕಾರಲ್ಲಿ ಯಾಕ್ರೋ ಹೋಗ್ತೀರಿ ಅಂದರೆ, ‘ಸಿಟೀಲಿ ಸೈಕಲ್ ಹೊಡೆಯೋದು ಡೇಂಜರ್ ಗುರು’ ಅನ್ನುತ್ತಿದ್ದರು. ಬಂಡೆಯ ಮೇಲಿಂದ ಸೈಕಲ್ ಸಮೇತ ಕೆಳಗೆ ಹಾರುವವರು ಹೇಳುವ ಮಾತು ಇದು. ಪಕ್ಕದಲ್ಲೇ ತುರಹಳ್ಳಿ ಕಾಡು ಇದೆಯಲ್ಲ ಅಂದರೆ, ಅಲ್ಲಿ ಸೈಕಲ್ ತುಳಿಯುವವರಿಗೂ ಅರಣ್ಯ ಇಲಾಖೆಗೂ ಇರುವ ತಕರಾರು ಹಳೆಯದು. ಇಲಾಖೆಯ ಮಾತನ್ನು ತಪ್ಪೆನ್ನಲಾರೆ. ಕಾಡಿಗೆ ಟೈರಿನ ಗುರುತು ಯಾಕೆ? ಆದರೆ ಅದೇ ಕಾಡಿನಲ್ಲಿ ವೃಕ್ಷೋದ್ಯಾನ ಮಾಡುತ್ತೇವೆಂದು 2021ರಲ್ಲಿ ಇಲಾಖೆಯೇ ಹೊರಟಿತು. ಇರುವ ಕಾಡು ಕಾಡಾಗಿಯೇ ಇರಲಿ ಬಿಡಿ ಸ್ವಾಮಿ ಎಂದು ಸುತ್ತಲಿನ ಜನ ಪ್ರತಿಭಟನೆಗೆ ಇಳಿಯಬೇಕಾಯಿತು. ಕಾಡನ್ನು ಪಾರ್ಕು ಮಾಡುವವರು ಒಂದು ಕಡೆ, ರಸ್ತೆಯನ್ನು ಕಾಡು ಮಾಡುವವರು ಇನ್ನೊಂದು ಕಡೆ. ಸಂಬಳ ಮಾತ್ರ ನಮ್ಮದೇ ತೆರಿಗೆಯಿಂದ.

ಕಣ್ಣು ತೆರೆಸಿದ್ದು ಒಂದು ಫೋರ್ಕು, ಅಂದರೆ ಮುಂದಿನ ಚಕ್ರ ಹಿಡಿದು ಕುಲುಕು ನುಂಗುವ ಕವಲು. ಗುಂಪಿನಲ್ಲೊಬ್ಬ 160 ಮಿಲಿಮೀಟರ್ ಕುಗ್ಗುವ ಹೊಸ ಫೋರ್ಕ್ ಹಾಕಿಸಿಕೊಂಡು ಬಂದಿದ್ದ. ಇಂಥ ದಿನ ಯಾರೂ ಸೈಕಲ್ ತುಳಿಯುವುದಿಲ್ಲ, ಸುತ್ತ ಕೂತು ಚರ್ಚಿಸುತ್ತಾರೆ. ಒಬ್ಬ ಪುಟ್ಟ ಪಂಪು ಹಿಡಿದು ಗಾಳಿಯ ಒತ್ತಡ ನೋಡುತ್ತಾನೆ. ಇನ್ನೊಬ್ಬ ಸವಾರ ಸುಮ್ಮನೆ ಕೂತಾಗಲೇ ಅವನ ತೂಕಕ್ಕೆ ಫೋರ್ಕ್ ಕುಗ್ಗುವ ಪ್ರಮಾಣ, ಅಂದರೆ ಸ್ಯಾಗ್, ಶೇ 25 ಇರಬೇಕೋ 30 ಇರಬೇಕೋ ಎಂದು ವಾದಿಸುತ್ತಾನೆ. ಮೂರನೆಯವನು ಟೈಟಾನಿಯಂ ಬೋಲ್ಟು ಹಾಕಿಸಿ ಕೆಲವು ಗ್ರಾಂ ಉಳಿಸಿದ ಕಥೆಯನ್ನು ಎರಡನೇ ಬೆಣ್ಣೆ ಮಸಾಲೆ ಮುರಿಯುತ್ತಾ ಹೇಳುತ್ತಾನೆ. ಫೋರ್ಕಿನ ಕಾಲಿಗೆ ಒಂದು ರಬ್ಬರ್ ಉಂಗುರ ಹಾಕಿರುತ್ತಾರೆ. ಫೋರ್ಕ್ ಎಷ್ಟು ಕುಗ್ಗಿತೋ ಅಷ್ಟು ಅದು ಮೇಲೆ ಸರಿದು ನಿಲ್ಲುತ್ತದೆ. ಗುಡ್ಡದಲ್ಲಿ ಎಷ್ಟು ಎಗರಿದರೂ ಆ ಉಂಗುರ ಮುಕ್ಕಾಲು ದಾಟಲಿಲ್ಲ. ದುಡ್ಡು ದಂಡವಾಯಿತೆಂದು ಅವನು ಮುಖ ಚಿಕ್ಕದು ಮಾಡಿಕೊಂಡು, ಮನೆತನಕ ತುಳಿದುಕೊಂಡೇ ಹೋಗ್ತೀನಿ ಅಂತ ಹೊರಟ. ಬನಶಂಕರಿಯ ಒಂದು ಶಾಲೆಯ ಮುಂದಿನ ಹಂಪ್ ಇಳಿದು ನೋಡುತ್ತಾನೆ, ಉಂಗುರ ತುತ್ತತುದಿಗೆ ಹೋಗಿ ಕೂತಿದೆ!

ಹಂಪ್ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ವಾಹನ ನಿಧಾನವಾಗಿ ಹತ್ತಿ ನಿಧಾನವಾಗಿ ಇಳಿಯಬೇಕು. ನಮ್ಮಲ್ಲಿ ಉಳಿದ ಡಾಂಬರು ಎಷ್ಟಿದೆಯೋ ಅಷ್ಟು ಎತ್ತರ. ಅದರ ಮೇಲೆ ಬಣ್ಣ ಬಳಿದರೆ ಕತ್ತಲಲ್ಲಿ ಕಾಣಿಸಿಬಿಡುತ್ತದೆ, ಆಗ ಪರೀಕ್ಷೆಯ ಮಜಾ ಇರುವುದಿಲ್ಲ.

ಅವತ್ತಿನಿಂದ ಗುಂಪು ಗುಡ್ಡಕ್ಕೆ ಕಾಲಿಟ್ಟಿಲ್ಲ. ನಿಜ ಹೇಳಬೇಕೆಂದರೆ ವಿದೇಶದಲ್ಲಿ ಕೋಟಿಗಟ್ಟಲೆ ಸುರಿದು ಕಟ್ಟುವ ಮೌಂಟೇನ್ ಬೈಕ್ ಪಾರ್ಕಿನಲ್ಲಿ ಏನೇನಿರುತ್ತದೋ ಅದೆಲ್ಲ ಇಲ್ಲಿ ಮನೆ ಬಾಗಿಲಲ್ಲೇ ಇದೆ. ವೈಟ್ ಟಾಪಿಂಗಿನ ಕಾಂಕ್ರೀಟು ಮುಗಿದು ಹಳೇ ಡಾಂಬರು ಶುರುವಾಗುವ ಕಡೆ ಧುಮುಕಲು ಸೊಗಸಾದ ಡ್ರಾಪ್. ಗುಂಡಿ ಮುಚ್ಚಲು ಸುರಿದ ಜಲ್ಲಿ ಒಂದು ಮಳೆಗೆ ರಸ್ತೆ ತುಂಬ ಹರಡಿದರೆ ಕಲ್ಲುಗಳ ಮೇಲೆ ತುಳಿಯಲು ರಾಕ್ ಗಾರ್ಡನ್. ಚರಂಡಿಯಿಂದ ಎತ್ತಿ ದಡಕ್ಕೆ ಹಾಕಿದ ಹೂಳು ಒಣಗಿದರೆ ತಿರುವಿನಲ್ಲಿ ಒರಗಿ ಹೋಗಲು ಬರ್ಮ್. ಬೇರುಗಳ ಮೇಲೆ ತುಳಿಯುವ ಅಭ್ಯಾಸ ಬೇಕೇ? ಫುಟ್‌ಪಾತ್ ಮೇಲೆ ಸುರುಳಿ ಬಿದ್ದಿರುವ ಕೇಬಲ್ಲುಗಳಿವೆ. ಹೊಳೆ ದಾಟುವುದಕ್ಕೆ ಅಂಡರ್‌ಪಾಸ್ ಇದೆ, ಮಳೆ ಬರುವತನಕ ಕಾಯಬೇಕು ಅಷ್ಟೆ. ನೈಟ್ ರೈಡಿಗೆ ಬೀದಿದೀಪದವರು ಮೊದಲಿಂದಲೂ ಸಹಕರಿಸುತ್ತಾ ಬಂದಿದ್ದಾರೆ.

ಬೇರೆ ದೇಶಗಳಲ್ಲಿ ಟ್ರೇಲ್, ಅಂದರೆ ಇಂಥ ಸೈಕಲ್ಲಿನ ಕಾಲುದಾರಿ, ಕಟ್ಟುವವರು ಸ್ವಯಂಸೇವಕರು. ವಾರಾಂತ್ಯದಲ್ಲಿ ಗುದ್ದಲಿ ಹಿಡಿದು ಬೆವರು ಸುರಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಪಾಳಿಯ ವ್ಯವಸ್ಥೆ ಇದೆ. ನೀರಿನವರು ಅಗೆದು ಮುಚ್ಚುತ್ತಾರೆ, ಡಾಂಬರು ಬೀಳುತ್ತದೆ, ಆಮೇಲೆ ಕರೆಂಟಿನವರು, ಅವರ ಹಿಂದೆ ಗ್ಯಾಸಿನವರು, ಕೊನೆಗೆ ಇಂಟರ್ನೆಟ್ಟಿನವರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಬಾರದು, ಗೊತ್ತಾದರೆ ಒಂದೇ ಸಲ ಅಗೆದುಬಿಡುವ ಅಪಾಯವಿದೆ.

ಒಂದೇ ಬೇಜಾರು. ಅಂತರರಾಷ್ಟ್ರೀಯ ಪದ್ಧತಿಯಂತೆ ಟ್ರೇಲುಗಳಿಗೆ ದರ್ಜೆಯ ಫಲಕ ಹಾಕುತ್ತಾರೆ: ಹೊಸಬರಿಗೆ ಹಸಿರು ವೃತ್ತ, ಪಳಗಿದವರಿಗೆ ನೀಲಿ ಚೌಕ, ಗಟ್ಟಿಗರಿಗೆ ಬ್ಲ್ಯಾಕ್ ಡೈಮಂಡ್, ಜೀವದ ಹಂಗಿಲ್ಲದವರಿಗೆ ಎರಡು ಬ್ಲ್ಯಾಕ್ ಡೈಮಂಡ್. ಇಲ್ಲಿ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡಲು ಹೊರಟ ಅಮ್ಮನಿಗೆ ತಾನು ಡಬಲ್ ಬ್ಲ್ಯಾಕ್ ಡೈಮಂಡ್ ಇಳಿಯುತ್ತಿದ್ದೇನೆಂದು ಯಾರೂ ಹೇಳುವುದಿಲ್ಲ. ತಲೆಗೆ ಹಾಕಿದ್ದು ಪೊಲೀಸರಿಗೆ ತೋರಿಸುವ ಟೋಪಿ, ಸ್ಕೂಟರಿಗೆ ಇರುವ ಸಸ್ಪೆನ್ಷನ್ ಹೆಸರಿಗೆ ಮಾತ್ರ. 2025ರಲ್ಲಿ ಒಂದು ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆ ಬಂದಿವೆಯಲ್ಲ, ಪಾಲಿಕೆಗೊಂದು ಫಲಕ ಹಂಚಿಕೊಂಡರೂ ಆದೀತು. ಹಸಿರು ವೃತ್ತ ಯಾರಿಗೆ ಎಂಬ ಜಗಳ ಮಾತ್ರ ಬರುವುದಿಲ್ಲ. ಗಡಿ ರಸ್ತೆಯ ಗುಂಡಿ ಉತ್ತರದವರದೋ ಪೂರ್ವದವರದೋ ಎಂಬುದು ಬೇರೆ ವಿಷಯ.

ಇಂಥ ಆಸ್ತಿಯ ಬೆಲೆ ಗೊತ್ತಿಲ್ಲದವರೂ ಇದ್ದಾರೆ. 2019ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಹೇರೋಹಳ್ಳಿಯ ರಸ್ತೆಯಲ್ಲಿ ಗಗನಯಾತ್ರಿಯ ವೇಷದವರನ್ನು ಚಂದ್ರನ ಮೇಲೆ ನಡೆದಂತೆ ನಡೆಸಿ ವಿಡಿಯೊ ಮಾಡಿದರು. ಜಗತ್ತೆಲ್ಲ ನೋಡಿ ನಕ್ಕಿತು. ಪಾಲಿಕೆಯವರು ಜೆಸಿಬಿ ತಂದು ರಸ್ತೆ ರಿಪೇರಿಗೆ ಇಳಿದೇಬಿಟ್ಟರು. ಒಂದು ಒಳ್ಳೆಯ ಟ್ರ್ಯಾಕು ಕೈತಪ್ಪಿತು.

ಸೈಕಲ್‌ಗೆ ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ವಾಹನಗಳು ಕಂಬಗಳನ್ನು ಉರುಳಿಸಿದವು, ಉಳಿದ ಕೆಲಸವನ್ನು ಮೆಟ್ರೊ ಕಾಮಗಾರಿ ಮುಗಿಸಿತು. ನುಣುಪಾದ ರಸ್ತೆ ಬೇಕೇಬೇಕೆಂದರೆ ಮೈಸೂರು ಎಕ್ಸ್‌ಪ್ರೆಸ್‌ವೇ ಇದೆ, ದೂರದಿಂದ ನೋಡಿ ಆನಂದಿಸಬಹುದು. 2023ರ ಆಗಸ್ಟ್ 1ರಿಂದ ಅಲ್ಲಿಗೆ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಸೈಕಲ್‌ಗೂ ಪ್ರವೇಶವಿಲ್ಲ. ಜೂನ್ 3 ಬಂತೆಂದರೆ ವಿಶ್ವ ಸೈಕಲ್ ದಿನದ ಜಾಥಾ ಇದ್ದೇ ಇದೆ. ಗಣ್ಯರು ಹೊಸ ಸೈಕಲ್ ಏರಿ ಕ್ಯಾಮೆರಾ ಇರುವಷ್ಟು ದೂರ ತುಳಿಯುತ್ತಾರೆ, ಹಿಂದೆ ಕಾರುಗಳ ಸಾಲು ಬರುತ್ತದೆ. ಈ ದೇಶದ ಪ್ರಸಿದ್ಧ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಬಾಗಿಲು ಹಾಕಿದ್ದೂ 2020ರ ಜೂನ್ 3ರಂದೇ. ಮುಹೂರ್ತ ನೋಡಿದವರು ಯಾರೋ ಕಾಣೆ.

ಮೊನ್ನೆ ನಮ್ಮ ಗುಂಪಿನ ಭೋಳೆ ಮನುಷ್ಯನೊಬ್ಬ ಶಾಲೆಯ ಹಂಪ್ ಪಕ್ಕದ ಗುಂಡಿಯ ಫೋಟೊ ತೆಗೆದು ಸಹಾಯವಾಣಿಗೆ ದೂರು ಕಳಿಸಿಬಿಟ್ಟ. ಉಳಿದವರೆಲ್ಲ ಅವನ ಮೇಲೆ ಎಗರಿದರು. ಸಂಜೆಯೊಳಗೆ ಉತ್ತರ ಬಂತು: ಸಮಸ್ಯೆ ಬಗೆಹರಿದಿದೆ, ದೂರು ಮುಕ್ತಾಯ. ಸಾಕ್ಷಿಗೆ ಒಂದು ಫೋಟೊ. ಕನ್ನಡಿಯಂಥ ರಸ್ತೆ, ಬಿಳಿ ಪಟ್ಟೆ, ಅಕ್ಕಪಕ್ಕ ಹೂಗಿಡ. ಓಡಿಹೋಗಿ ನೋಡಿದರೆ ಗುಂಡಿ ತನ್ನ ಜಾಗದಲ್ಲೇ ಕ್ಷೇಮವಾಗಿತ್ತು. ಹಾಗಾದರೆ ಫೋಟೊದಲ್ಲಿರುವ ರಸ್ತೆ ಬೆಂಗಳೂರಿನಲ್ಲಿ ಎಲ್ಲಿದೆ? ಮುಂದಿನ ರಜೆಗೆ ಅದನ್ನೇ ಹುಡುಕಿಕೊಂಡು ಹೊರಡುವುದೆಂದು ತೀರ್ಮಾನವಾಗಿದೆ. 160 ಮಿಲಿಮೀಟರಿನವನು ಮಾತ್ರ ಬರಲ್ಲ ಅಂದಿದ್ದಾನೆ.

‘ಅಂಥ ರಸ್ತೇಲಿ ತುಳಿಯೋಕೆ ನನ್ನ ಹತ್ರ ಸೈಕಲ್ಲೇ ಇಲ್ಲ ಮಗಾ.’