ಕಲ್ಲಿನ ಜೊತೆ ಪೇಪರೂ ಕೈ ದಾಟಲಿ

ಜೋರು ಗಾಳಿಮಳೆ ಬಂದು ಹೋದ ಮರುದಿನ ಚಾರ್ಮೌತ್ ಕಡಲತೀರಕ್ಕೆ ಹೋಗಿದ್ದೆ. ಇಂಗ್ಲೆಂಡಿನ ದಕ್ಷಿಣಕ್ಕೆ, ಡಾರ್ಸೆಟ್‌ನಲ್ಲಿದೆ ಈ ಊರು. ಮಳೆಗೆ ಗುಡ್ಡ ಕುಸಿದು ಕೆಸರೆಲ್ಲ ತೀರಕ್ಕೆ ಇಳಿದಿರುತ್ತದೆ, ಅಲೆ ಅದನ್ನು ತೊಳೆದು ಕಲ್ಲು ಮಾತ್ರ ಉಳಿಸುತ್ತದೆ, ಆಗ ಪಳೆಯುಳಿಕೆ ಹುಡುಕುವವರೆಲ್ಲ ಸೊಂಟ ಬಗ್ಗಿಸಿಕೊಂಡು ನಡೆಯುತ್ತಿರುತ್ತಾರೆ. ನನಗೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಅಮೋನೈಟ್ ಸಿಕ್ಕಿತು, ಎಂದೋ ಅಳಿದುಹೋದ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ. ಹಿತ್ತಾಳೆ ಬಣ್ಣ, ಶಂಖದ ಹಾಗೆ ಸುತ್ತಿಕೊಂಡದ್ದು. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಅದನ್ನು ಇಸಿದುಕೊಂಡು, ಅಂಚನ್ನು ಉಗುರಿನಿಂದ ಸವರಿ, "ಬೆನ್ನ ಮೇಲೆ ಏಣು ಇದೆ ನೋಡು, ಪಕ್ಕದ ಗೆರೆಗಳು ಮುಂದಕ್ಕೆ ಬಾಗಿವೆ, ಎರಡನ್ನೂ ಸೇರಿಸಿ ನೋಡಿದರೆ ಹೆಸರು ಗೊತ್ತಾಗುತ್ತದೆ" ಅಂದರು. ನನ್ನ ಇಮೇಲ್ ಕೇಳಿದರು. ಕೊಟ್ಟೆ.

ರಾತ್ರಿ ಊಟ ಮುಗಿಯುವಷ್ಟರಲ್ಲಿ ಮೇಲ್ ಬಂದಿತ್ತು. ಲಯಾಸ್ ಅನ್ನುವ ಹಳೆಯ ಜುರಾಸಿಕ್ ಬಂಡೆಗಳ ಅಮೋನೈಟ್ ಬಗ್ಗೆ ಥಾಮಸ್ ರೈಟ್ 1878ರಿಂದ 1886ರವರೆಗೆ ಕಂತುಕಂತಾಗಿ ಬರೆದ ಗ್ರಂಥದ ಲಿಂಕ್. ಈಗ ಅದು ಸ್ಕ್ಯಾನ್ ಆಗಿ ಯಾರು ಬೇಕಾದರೂ ಓದುವ ಹಾಗಿದೆ. ಕೆಳಗೆ ಯಾವ ಪುಟ, ಎಷ್ಟನೇ ಚಿತ್ರ, ಹೆಸರು ಆಮೇಲೆ ಹೇಗೆ ಬದಲಾಗಿದೆ ಅಂತ ಅವರೇ ಬರೆದ ನಾಲ್ಕು ಸಾಲು. ಗುರುತು ಪರಿಚಯ ಇಲ್ಲದವನಿಗೆ ಇಷ್ಟು ಮಾಡಿದರಲ್ಲ ಅಂತ ನನಗೆ ಮನಸ್ಸು ತುಂಬಿ ಬಂತು. ಇಲ್ಲಿ ಇದು ದೊಡ್ಡ ವಿಷಯವೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಈ ತೀರದಲ್ಲಿ ಕಲ್ಲು ಕೈಯಿಂದ ಕೈಗೆ ಹೋಗುವಾಗ ಪೇಪರೂ, ಅಂದರೆ ಅದರ ಬಗ್ಗೆ ಬರೆದ ಸಂಶೋಧನಾ ಲೇಖನವೂ, ಅದರ ಹಿಂದೆಯೇ ಹೋಗುತ್ತದೆ.

ಇನ್ನು ನಮ್ಮ ಕಡೆಯ ಮಾತು. ನಾನು ಕಲಬುರಗಿಯವನು, ಶಹಾಬಾದ್ ಕಲ್ಲಿನ ನೆಲದ ಮೇಲೆ ಅಂಬೆಗಾಲಿಟ್ಟು ಬೆಳೆದವನು. ಊರಿನ ಗೆಳೆಯರೆಲ್ಲ ಸೇರಿ ಪಳೆಯುಳಿಕೆ ಆಸಕ್ತರ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಅದರಲ್ಲಿ ಒಮ್ಮೆ ಒಂದು ಫೋಟೋ ಬಂತು. ಹೊಸದಾಗಿ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ಕಪ್ಪು ಬಣ್ಣದ, ಥೇಟ್ ಜರೀಗಿಡದ ಎಲೆಯಂಥ ಆಕಾರ. "ನಮ್ಮ ನೆಲದ ಕೋಟ್ಯಂತರ ವರ್ಷ ಹಳೆಯ ಗಿಡ" ಅಂತ ಶೀರ್ಷಿಕೆ. ಒಂದೇ ದಿನದಲ್ಲಿ ಅದು ಎಲ್ಲೆಲ್ಲಿಗೋ ಫಾರ್ವರ್ಡ್ ಆಯಿತು. ಅದು ಗಿಡ ಅಲ್ಲ. ಕಲ್ಲಿನ ಸೀಳಿನೊಳಗೆ ನೀರು ಇಳಿಯುವಾಗ ಅದರಲ್ಲಿದ್ದ ಮ್ಯಾಂಗನೀಸ್ ಕವಲು ಕವಲಾಗಿ ಕೂತದ್ದು, ಡೆಂಡ್ರೈಟ್ ಅನ್ನುತ್ತಾರೆ. ಭೀಮಾ ತೀರದ ಆ ಸುಣ್ಣಕಲ್ಲು ನೆಲದ ಮೇಲೆ ಗಿಡ ಅನ್ನುವುದೇ ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನದು, ಅದರಲ್ಲಿ ಜರೀಗಿಡ ಎಲ್ಲಿಂದ ಬರಬೇಕು? ತಪ್ಪು ಯಾರಿಗಾದರೂ ಆಗುತ್ತದೆ, ನನಗೆ ಅದರ ಬಗ್ಗೆ ಬೇಸರವಿಲ್ಲ. ಆದರೆ ಅಷ್ಟು ಜನರಲ್ಲಿ ಒಬ್ಬರಾದರೂ "ಇದರ ಬಗ್ಗೆ ಯಾರಾದರೂ ಬರೆದಿದ್ದಾರಾ, ಪೇಪರ್ ಇದೆಯಾ" ಅಂತ ಕೇಳಲಿಲ್ಲ. ಅದೇ ಗುಂಪಿನಲ್ಲಿ ಒಬ್ಬರ ಹತ್ತಿರ ನೂರಾರು ಪಿಡಿಎಫ್ ಇವೆ. ಕೇಳಿದರೆ "ಕಷ್ಟಪಟ್ಟು ಕೂಡಿಸಿದ್ದು" ಅನ್ನುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಪೇಪರುಗಳೇ. ಇದು ನನಗೆ ನಿಜವಾಗಿ ನೋವು ಕೊಡುತ್ತದೆ.

ಪೇಪರ್ ಓದುವುದಕ್ಕೂ ಸುದ್ದಿ ಓದುವುದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ವಾಸುಕಿ ಹಾವನ್ನೇ ತಗೊಳ್ಳಿ. 2024ರ ಏಪ್ರಿಲ್‌ನಲ್ಲಿ ಎಲ್ಲ ಕಡೆ ಸುದ್ದಿಯಾಯಿತಲ್ಲ, ಕಚ್ಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಸುಮಾರು 4.7 ಕೋಟಿ ವರ್ಷ ಹಿಂದಿನ ದೈತ್ಯ ಹಾವು. ನಮ್ಮ ಗುಂಪಿಗೆ ಬಂದದ್ದು "15 ಮೀಟರ್ ಉದ್ದದ ಹಾವು" ಅನ್ನುವ ಒಂದೇ ಸಾಲು. ರೂರ್ಕಿ ಐಐಟಿಯ ದೇಬಜಿತ್ ದತ್ತ ಮತ್ತು ಸುನಿಲ್ ಬಾಜಪೇಯಿ ಬರೆದ ಪೇಪರ್ ಸಂಶೋಧನಾ ಪತ್ರಿಕೆಯಾದ ಸೈಂಟಿಫಿಕ್ ರಿಪೋರ್ಟ್ಸ್‌ನಲ್ಲಿದೆ, ಪೂರ್ತಿ ಉಚಿತ, ಮೊಬೈಲಿನಲ್ಲೇ ತೆರೆಯುತ್ತದೆ. ಅದರಲ್ಲಿ ಸಿಕ್ಕಿರುವುದು 27 ಬೆನ್ನುಮೂಳೆ ಮಣಿಗಳು ಮಾತ್ರ ಅಂತ ಇದೆ. ಉದ್ದವನ್ನು ಎರಡು ಲೆಕ್ಕದಲ್ಲಿ ಹಾಕಿದ್ದಾರೆ, ಒಂದರಲ್ಲಿ 10.9ರಿಂದ 12.2 ಮೀಟರ್, ಇನ್ನೊಂದರಲ್ಲಿ 14.5ರಿಂದ 15.2. ಪೂರ್ತಿ ಹಾವು ಸಿಕ್ಕಿಲ್ಲವಾದ್ದರಿಂದ ಈ ಅಳತೆಗಳನ್ನು ಎಚ್ಚರಿಕೆಯಿಂದ ನೋಡಿ ಅಂತ ಅವರೇ ಹೇಳಿದ್ದಾರೆ. ನನಗೆ ಆ ಎಚ್ಚರಿಕೆಯ ಮಾತೇ ಹಾವಿಗಿಂತ ಜಾಸ್ತಿ ಇಷ್ಟವಾಯಿತು. ಕೆಲವೇ ಮಣಿ ಇಟ್ಟುಕೊಂಡು ಇಡೀ ಪ್ರಾಣಿಯನ್ನು ಹೇಗೆ ಊಹಿಸುತ್ತಾರೆ, ಎಲ್ಲಿಗೆ ನಿಲ್ಲಿಸುತ್ತಾರೆ ಅಂತ ಕಲಿಯುವುದು ಅಲ್ಲಿಯೇ.

ಚಾರ್ಮೌತ್ ಪಕ್ಕದ ಲೈಮ್ ರೀಜಿಸ್‌ನಲ್ಲಿ ಮೇರಿ ಆನಿಂಗ್ ಇದ್ದಳು, 1799ರಲ್ಲಿ ಹುಟ್ಟಿದವಳು, ಬಡಗಿಯ ಮಗಳು. ಇಕ್ತಿಯೋಸಾರ್, ಪ್ಲೀಸಿಯೋಸಾರ್ ಅಂಥ ಕಡಲ ಸರೀಸೃಪಗಳನ್ನು ಈ ಗುಡ್ಡಗಳಿಂದ ಬಿಡಿಸಿ ತೆಗೆದವಳು. ಪೇಪರ್ ಕೊಳ್ಳುವ ಶಕ್ತಿ ಅವಳಿಗೆ ಇರಲಿಲ್ಲ. ಯಾರದೋ ಹತ್ತಿರ ಎರವಲು ತಂದು ಇಡೀ ಪೇಪರನ್ನು, ಚಿತ್ರಗಳ ಸಮೇತ, ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದಳು. ಒಂದೊಂದು ಮೂಳೆಯ ಗೆರೆಯನ್ನೂ ಶಾಯಿಯಲ್ಲಿ ಎಳೆಯುತ್ತಾ ಕೂತ ಆ ರಾತ್ರಿಗಳನ್ನು ನಾನು ಆಗಾಗ ನೆನೆಯುತ್ತೇನೆ. ನಮಗೆ ಒಂದು ಬೆರಳು ತಾಗಿಸಿದರೆ ಸಾಕು.

ಇದಕ್ಕೆಲ್ಲ ದೊಡ್ಡ ಪದವಿ ಬೇಕು ಅನ್ನುವವರಿಗೆ ಎರಡು ಉದಾಹರಣೆ ಹೇಳುತ್ತೇನೆ. ಡಾರ್ಸೆಟ್‌ನ ಕಿಮ್ಮರಿಜ್‌ನಲ್ಲಿ ಸ್ಟೀವ್ ಎಚಸ್ ಅಂತ ಇದ್ದಾರೆ, ನಲ್ಲಿ ಕೊಳಾಯಿ ಕೆಲಸ ಮಾಡಿಕೊಂಡಿದ್ದವರು. 2009ರಲ್ಲಿ ಅವರಿಗೆ ಸಿಕ್ಕ ಒಂದು ಇಕ್ತಿಯೋಸಾರ್‌ಗೆ 2020ರಲ್ಲಿ ವಿಜ್ಞಾನಿಗಳು ಅವರದೇ ಹೆಸರಿಟ್ಟರು, ಥಲಾಸೋಡ್ರಾಕೊ ಎಚಸೈ. ಪೇಪರ್ ಸಂಶೋಧನಾ ಪತ್ರಿಕೆ ಪ್ಲಾಸ್ ಒನ್‌ನಲ್ಲಿದೆ, ಉಚಿತ. ನಮ್ಮ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ವಿಶಾಲ್ ವರ್ಮಾ ಅನ್ನುವ ಶಾಲಾ ಮೇಷ್ಟ್ರು ವರ್ಷಗಟ್ಟಲೆ ಡೈನೋಸಾರ್ ಗೂಡುಗಳನ್ನು ಹುಡುಕಿದರು. 2023ರ ಜನವರಿಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಜಿ.ವಿ.ಆರ್. ಪ್ರಸಾದ್ ಅವರ ತಂಡ 92 ಗೂಡು, 256 ಮೊಟ್ಟೆಗಳ ಬಗ್ಗೆ ಬರೆದಾಗ ಲೇಖಕರ ಸಾಲಿನಲ್ಲಿ ಆ ಮೇಷ್ಟ್ರ ಹೆಸರೂ ಇತ್ತು. ಅದೂ ಪ್ಲಾಸ್ ಒನ್ನೇ. ಇಷ್ಟೇ ಯಾಕೆ, ಭಾರತದ ಜುರಾಸಿಕ್ ಬಂಡೆಯಲ್ಲಿ ಸಿಕ್ಕ ಮೊದಲ ಇಕ್ತಿಯೋಸಾರ್, ಕಚ್ಛ್‌ನ ಲೋಡಾಯ್ ಹತ್ತಿರದ್ದು, ಅದರ 2017ರ ಪೇಪರೂ ಅಲ್ಲೇ ಇದೆ. ಆನಿಂಗ್ ಬಿಡಿಸಿ ತೆಗೆದ ಪ್ರಾಣಿಯ ನೆಂಟ ನಮ್ಮ ಗುಜರಾತಿನಲ್ಲಿ! ಇದನ್ನು ಇಂಗ್ಲೆಂಡಿನ ಗೆಳೆಯರಿಗೆ ಕಳಿಸಿದಾಗ ಅವರಿಗಾದ ಖುಷಿ ಹೇಳತೀರದು.

ಇಂಗ್ಲೆಂಡಿನಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಪೇಪರುಗಳಿಗೆ ಇವತ್ತಿಗೂ ಒಂದಕ್ಕೆ ಮೂವತ್ತು ನಲವತ್ತು ಡಾಲರ್ ಕೇಳುತ್ತಾರೆ. ಉಚಿತವಾಗಿ ಸಿಗುವ ಪತ್ರಿಕೆಗಳಲ್ಲೂ ಹಲವು ಸಲ ಬರೆದವರ ಕಡೆಯಿಂದ ಲಕ್ಷ ರೂಪಾಯಿಗೂ ಮೀರಿದ ಶುಲ್ಕ ವಸೂಲಾಗಿರುತ್ತದೆ. ಆದರೆ ಒಂದು ವ್ಯವಸ್ಥೆ ನನಗೆ ಬಹಳ ಹಿಡಿಸಿದೆ. 2014ರಲ್ಲಿ ಬ್ರಿಟನ್ನಿನಲ್ಲಿ ಆಕ್ಸೆಸ್ ಟು ರಿಸರ್ಚ್ ಅಂತ ಶುರು ಮಾಡಿದರು. ಊರಿನ ಸಾರ್ವಜನಿಕ ಲೈಬ್ರರಿಗೆ ಹೋಗಿ ಅಲ್ಲಿನ ಕಂಪ್ಯೂಟರಿನ ಮುಂದೆ ಕೂತರೆ ದುಡ್ಡು ಕೇಳುವ ಎಷ್ಟೋ ಪೇಪರುಗಳನ್ನೂ ಪುಕ್ಕಟೆ ಓದಬಹುದು ಅನ್ನುವ ಯೋಜನೆ ಅದು. ನಮ್ಮಲ್ಲಿ 2024ರ ನವೆಂಬರ್‌ನಲ್ಲಿ ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಪತ್ರಿಕೆಗಳು. ಒಳ್ಳೆಯ ಕೆಲಸ. ಆದರೆ ಅದು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಒಳಗಿರುವವರಿಗೆ. ಧಾರ್‌ನ ಮೇಷ್ಟ್ರಂಥವರು, ಶಹಾಬಾದ್ ಗಣಿಯಲ್ಲಿ ಕಲ್ಲು ಸೀಳುವ ಹುಡುಗ, ಇವರೆಲ್ಲ ಹೊರಗೇ ಉಳಿಯುತ್ತಾರೆ. ಜಿಲ್ಲಾ ಕೇಂದ್ರ ಗ್ರಂಥಾಲಯದ ಒಂದು ಕಂಪ್ಯೂಟರಿಗಾದರೂ ಅದನ್ನು ಕೊಡಬೇಕು ಅಲ್ವಾ?

ಅದು ಆಗುವವರೆಗೆ ಸುಮ್ನೆ ಕೂರಬೇಕಾಗಿಲ್ಲ, ಈಗಾಗಲೇ ತೆರೆದಿರುವುದೇ ಓದಿ ಮುಗಿಯದಷ್ಟಿದೆ. 1932ರಿಂದ ಬೆಂಗಳೂರಿನಿಂದಲೇ ಬರುತ್ತಿರುವ ಕರೆಂಟ್ ಸೈನ್ಸ್‌ನ ಹಳೆಯ ಸಂಚಿಕೆಗಳು ಉಚಿತ. ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯ ಪತ್ರಿಕೆ ಉಚಿತ. ಪೋಲೆಂಡಿನ ಆಕ್ಟಾ ಪೇಲಿಯಂಟಾಲಾಜಿಕಾ ಪೊಲೊನಿಕಾ ಅನ್ನುವ ಪಳೆಯುಳಿಕೆ ಪತ್ರಿಕೆ ಇದೆ. 1998ರಿಂದ ಬರುತ್ತಿರುವ ಪೇಲಿಯಂಟಾಲಾಜಿಯಾ ಎಲೆಕ್ಟ್ರಾನಿಕಾ ಇದೆ.

ಹಂಚುವಾಗ ಎರಡು ವಿಷಯ ಮನಸ್ಸಿನಲ್ಲಿರಲಿ. ಪೇಪರಿನ ಮೊದಲ ಪುಟದಲ್ಲಿ ಸಿಸಿ ಬೈ (CC BY) ಅನ್ನುವ ಮುಕ್ತ ಪರವಾನಗಿ ಇದ್ದರೆ ಬರೆದವರ ಹೆಸರು ಹೇಳಿ ಪಿಡಿಎಫ್ ಅನ್ನೇ ಕಳಿಸಬಹುದು, ಪ್ರಿಂಟ್ ಹಾಕಬಹುದು, ಕನ್ನಡಕ್ಕೂ ತರಬಹುದು. ಓದಲು ಮಾತ್ರ ಉಚಿತ ಅಂತಿದ್ದರೆ ಲಿಂಕ್ ಕಳಿಸಿ. ಎರಡೂ ಇಲ್ಲದಿದ್ದರೆ ಬರೆದವರಿಗೇ ಒಂದು ಮೇಲ್ ಹಾಕಿ, ನಾನು ಕೇಳಿದವರಲ್ಲಿ ಬಹಳ ಜನ ಖುಷಿಯಿಂದ ಕಳಿಸಿದ್ದಾರೆ. ಇನ್ನೊಂದು, ಪಳೆಯುಳಿಕೆ ಇರುವ ಜಾಗದ ನಿಖರ ಗುರುತನ್ನು ದೊಡ್ಡ ಗುಂಪಿನಲ್ಲಿ ಹಾಕಬೇಡಿ. ಮೊಟ್ಟೆ ಕಿತ್ತುಕೊಂಡು ಹೋಗಿ ಮಾರುವವರೂ ಅದನ್ನು ಓದುತ್ತಾರೆ.

ಮತ್ತೆ ಬರೀ ಲಿಂಕ್ ಹಾಕಿ ಬಿಡುವುದರಿಂದ ಏನೂ ಆಗುವುದಿಲ್ಲ. ಆ ಅಜ್ಜನ ನಾಲ್ಕು ಸಾಲು ಇರಲಿಲ್ಲ ಅಂದಿದ್ದರೆ ರೈಟ್ ಗ್ರಂಥ ನನಗೆ ಬರೀ ತೂಕದ ಪುಸ್ತಕವಾಗುತ್ತಿತ್ತು. ಅದಕ್ಕೇ ನಾನು ಧಾರ್ ಪೇಪರ್ ಕಳಿಸುವಾಗ ಜೊತೆಗೆ ಕನ್ನಡದಲ್ಲಿ ಒಂದು ಪುಟ ಬರೆದೆ. ಒಂದು ಗೂಡಿನಲ್ಲಿ ಒಂದರಿಂದ ಇಪ್ಪತ್ತು ಮೊಟ್ಟೆ, ಒಂದೊಂದೂ 15ರಿಂದ 17 ಸೆಂಟಿಮೀಟರ್ ಅಗಲ, ಯಾವ ಚಿತ್ರದಲ್ಲಿ ಏನು ನೋಡಬೇಕು ಅಂತ. ಊರಲ್ಲಿ ಶಾಲೆ ನಡೆಸುವ ನನ್ನ ಗೆಳೆಯ ಅದನ್ನು ಏಳನೇ ತರಗತಿಯಲ್ಲಿ ಓದಿಸಿ ಒಂದು ಫೋಟೋ ಕಳಿಸಿದ. ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದಾರೆ. ಬರಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತು ವೃತ್ತ, ಸ್ಕೇಲ್ ಹಿಡಿದು ಅಳೆದು ಬರೆದದ್ದು, ಸುತ್ತ ಮಕ್ಕಳು. ಒಬ್ಬಳು ಹುಡುಗಿ ಮಧ್ಯದ ವೃತ್ತದೊಳಗೆ ಎರಡೂ ಅಂಗೈ ಅಗಲಿಸಿ ಇಟ್ಟು ನೋಡುತ್ತಿದ್ದಾಳೆ, ಎಷ್ಟು ಹಿಡಿಸುತ್ತದೆ ಅಂತ.