‘ಸಾಲ’ ಅಂದಿದ್ದಕ್ಕೆ ಮೆಮೊ

ಮುಂಬೈಯಲ್ಲಿ ಕೂತು ಕನ್ನಡ ಕಲಿತು ಏನು ಉದ್ಧಾರ ಆಗ್ತೀಯ ಅಂತ ಕೇಳಿದ ನೆಂಟರಿಗೆಲ್ಲ ಈಗ ನನ್ನ ಹತ್ತಿರ ಉತ್ತರ ಇದೆ. ಸಾಲ ವಸೂಲಿ ಮಾಡ್ತೀನಿ.

ಆಫೀಸು ಸಾಕಿನಾಕಾದಲ್ಲಿ. ಮೆಟ್ರೊ ಇಳಿದು, ವಡಾಪಾವ್ ಗಾಡಿ ದಾಟಿ, ಲಿಫ್ಟ್ ಕೆಟ್ಟಿರುವ ಕಟ್ಟಡದ ನಾಲ್ಕನೇ ಮಹಡಿ. ಅಲ್ಲಿ ಎರಡು ಸಾಲು ಕುರ್ಚಿಗೆ ‘ಕನ್ನಡ ಪ್ರೋಸೆಸ್’ ಅಂತ ಹೆಸರು. ನನ್ನ ಹಾಗೆ ಡೊಂಬಿವಲಿಯಲ್ಲಿ ಬೆಳೆದ ಹೋಟೆಲಿನವರ ಮಕ್ಕಳು ಒಂದಷ್ಟು, ಗಡಿಯ ಅಕ್ಕಲಕೋಟೆ, ಜತ್ತ ಕಡೆಯಿಂದ ಬಂದವರು ಒಂದಷ್ಟು. ಕನ್ನಡ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ತಿಂಗಳಿಗೆ 1,500 ರೂಪಾಯಿ ಜಾಸ್ತಿ ಕೊಡ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್ ಶುರುವಾಗಿದ್ದು 1926ರಲ್ಲಿ. ಅವತ್ತಿನಿಂದ ಈ ಊರಿನ ಕನ್ನಡಿಗರು ನಾಟಕ, ಯಕ್ಷಗಾನ, ಉಪನ್ಯಾಸ ಅಂತ ಕೈಯಿಂದ ದುಡ್ಡು ಹಾಕಿ ಭಾಷೆ ಉಳಿಸಿಕೊಂಡು ಬಂದಿದ್ದಾರೆ. ತಿರುಗಿ ದುಡ್ಡು ಕೊಟ್ಟಿದ್ದು ಮಾತ್ರ ಬೌನ್ಸ್ ಆದ ಇಎಂಐ.

ಕೆಲಸ ಏನು ಅಂದ್ರೆ, ಹೆಡ್‌ಫೋನ್ ಹಾಕಿಕೊಂಡು ಕೂರೋದು. ಡೈಲರ್ ತಾನೇ ನಂಬರ್ ಒತ್ತುತ್ತೆ. ತಿಂಗಳ 5ಕ್ಕೆ ಇಎಂಐ ಬೌನ್ಸ್ ಆದವರು 6ನೇ ತಾರೀಕಿನಿಂದ ನಮ್ಮ ಪಾಲು. ಮೊದಲ 30 ದಿನ ‘ಮರೆತಿರಬಹುದು ಸರ್’ ಅನ್ನಬೇಕು. ಆಮೇಲೆ ‘ಏನಾದ್ರೂ ತೊಂದರೆನಾ ಸರ್’. 90 ದಾಟಿದರೆ ಆ ಮನುಷ್ಯನ ಹೆಸರು ಹೋಗಿ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ, ಅಂತ ಆಗುತ್ತೆ, ಕಡತ ಬೇರೆ ಸಾಲಿನ ಕುರ್ಚಿಗೆ ಹೋಗುತ್ತೆ. ಯಾರಾದರೂ ‘ಶುಕ್ರವಾರ ಕಟ್ತೀನಿ’ ಅಂದರೆ ಅದಕ್ಕೆ ಪಿಟಿಪಿ ಅಂತಾರೆ. ಕೊಟ್ಟ ಮಾತು ಅಂತ ಅರ್ಥ. ಇಡೀ ಆಫೀಸಿನಲ್ಲಿ ಮಾತಿಗೆ ಬೆಲೆ ಇರೋದು ಆ ಕಾಲಂನಲ್ಲಿ ಮಾತ್ರ. ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಹೇಳಿದೆ. ಹಾಗಾಗಿ 6.30ರಿಂದ 7ರ ತನಕ ನಮ್ಮ ಮಹಡಿ ಸಂತೆ ಮುಗಿಯೋ ಹೊತ್ತಿನ ಸಂತೆ ಥರ ಇರುತ್ತೆ. ನನ್ನ ಬೈಕ್ ಲೋನಿನವನ ಫೋನೂ ಆಗಲೇ ಬರೋದು. ಎತ್ತುತ್ತೇನೆ, ಪಾಪ ಅವನಿಗೂ ಟಾರ್ಗೆಟ್ ಇರುತ್ತೆ.

ಟೀಮ್ ಲೀಡರ್‌ಗೆ, ಅಂದ್ರೆ ನಮ್ಮ ಟಿಎಲ್‌ಗೆ, ಕನ್ನಡ ಬರಲ್ಲ. ಆದರೆ ಕನ್ನಡದ ಬಗ್ಗೆ ಅವನಿಗೆ ಗೊತ್ತಿರುವಷ್ಟು ಯಾವ ಪಂಡಿತರಿಗೂ ಗೊತ್ತಿಲ್ಲ. ‘ಮಾರಾಯ್ರೆ’ ಅಂದರೆ ಕರಾವಳಿಯವರು ಕರಗುತ್ತಾರೆ, ‘ರೀ’ ಹಚ್ಚಿದರೆ ಹುಬ್ಬಳ್ಳಿ ಕಡೆಯವರು ಫೋನ್ ಇಡಲ್ಲ, ಮಂಡ್ಯದವರ ಹತ್ತಿರ ಜಾಸ್ತಿ ನಾಜೂಕು ಮಾಡಿದರೆ ಅನುಮಾನ ಪಡ್ತಾರೆ, ಎಲ್ಲ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದಾನೆ. ಅದರ ಪ್ರಕಾರವೇ ನಂಬರ್ ಹಂಚಿಕೆ. ಯೋಚಿಸಿ ನೋಡಿ. ಸಾಲ ಕೊಡುವಾಗ ಆ್ಯಪು ಇಂಗ್ಲಿಷು, ಕರಾರು 28 ಪುಟ ಇಂಗ್ಲಿಷು, ಕಸ್ಟಮರ್ ಕೇರ್ ಹಿಂದಿ, ಕೌಂಟರಿನಲ್ಲಿ ಕೂತವರು ಯಾವುದೋ ಊರಿನವರು. ಕಂತು ತಪ್ಪಿದ ಮರುದಿನ ನೋಡಿ, ನಿಮ್ಮದೇ ತಾಲ್ಲೂಕಿನ ಕನ್ನಡ, ನಿಮ್ಮ ಚಿಕ್ಕಪ್ಪನ ಮಗ ಮಾತಾಡಿದ ಹಾಗೆ!

ರಿಸರ್ವ್ ಬ್ಯಾಂಕಿನ ನಿಯಮ ಇಲ್ಲ ಅಂತಲ್ಲ. ಸಾಲದ ಮುಖ್ಯ ವಿವರಗಳ ಪಟ್ಟಿ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತ 2024ರ ಅಕ್ಟೋಬರ್ 1ರಿಂದಲೇ ಜಾರಿಯಲ್ಲಿದೆ. ಆದರೆ ಒಟಿಪಿ ಕೊಟ್ಟಿರಲ್ಲ, ಹಾಗಾದರೆ ಅರ್ಥ ಆಗಿದೆ ಅಂತ ಕಂಪನಿಯವರ ಲೆಕ್ಕ. ಇನ್ನೂ ಚೆಂದದ್ದು ಏನಂದ್ರೆ, ವಸೂಲಿಯವರಿಗೆ ಡಿಆರ್‌ಎ ಅಂತ ಒಂದು ಪರೀಕ್ಷೆ ಇದೆ, ಡಿಗ್ರಿ ಇಲ್ಲದವರಿಗೆ 100 ಗಂಟೆ ತರಬೇತಿ. ಅದನ್ನು ಕನ್ನಡದಲ್ಲೇ ಬರೆಯಬಹುದು.

ಈಗ ಮೆಮೊ ವಿಷಯಕ್ಕೆ ಬರ್ತೀನಿ. ನಮ್ಮ ಕಾಲ್‌ಗಳನ್ನು ಕೇಳಿ ಅಂಕ ಹಾಕೋಕೆ ಕ್ವಾಲಿಟಿ ಅಂತ ಒಂದು ವಿಭಾಗ ಇದೆ. ಅವರಿಗೂ ಕನ್ನಡ ಬರಲ್ಲ, ಕಿವಿ ಪೂರ್ತಿ ಹಿಂದಿಯದು. ಒಂದು ದಿನ ಮೇಲ್ ಬಂತು: ಒಂದೇ ಕಾಲ್‌ನಲ್ಲಿ ಗ್ರಾಹಕರಿಗೆ 17 ಸಲ ‘ಸಾಲಾ’ ಅಂತ ಬೈದಿದ್ದೀರಿ, ವಿವರಣೆ ಕೊಡಿ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರುಕುಳದ ವಸೂಲಿಗೆ 10 ವರ್ಷದ ತನಕ ಜೈಲು ಅಂತ ಸುಗ್ರೀವಾಜ್ಞೆ ತಂದಾಗಿನಿಂದ ಬೈಗುಳ ಅಂದರೆ ಇಡೀ ಮಹಡಿಗೆ ನಡುಕ. ನಾನು ಹೋಗಿ ಹೇಳಿದೆ, ಸರ್, ಸಾಲ ಅಂದ್ರೆ ಲೋನ್. ಟಿಎಲ್ ಸಮಾಧಾನವಾಗಿ ಕೇಳಿಸಿಕೊಂಡ. “ಅರ್ಥ ಲೋನೇ ಇರಬಹುದು. ಕೇಳೋಕೆ ಬೈದ ಹಾಗಿದೆ. ಇನ್ಮೇಲೆ ಆ ಶಬ್ದ ಬೇಡ,” ಅಂದ. ಹೀಗೆ ಕನ್ನಡಕ್ಕೆ ಅಂತಲೇ ಕೆಲಸ ಕೊಟ್ಟವರು, ಆ ಕೆಲಸಕ್ಕೆ ಬೇಕಾಗಿದ್ದ ಒಂದೇ ಒಂದು ಕನ್ನಡ ಪದಕ್ಕೆ ನಿಷೇಧ ಹಾಕಿದರು. 1,500 ರೂಪಾಯಿ ಏನೂ ಕಡಿಮೆ ಮಾಡಲಿಲ್ಲ, ಅದು ದೊಡ್ಡ ಮನಸ್ಸು.

ಆ ವಾರವೇ ಅಕ್ಕಲಕೋಟೆಯ ಹುಡುಗ ತಂಗಿ ಮದುವೆಗೆ ರಜೆ ಹಾಕಿದ. ಅವನ ಗದಗದ ನಂಬರ್‌ಗಳು ನನ್ನ ತಲೆಗೆ ಬಂದವು. ಒಬ್ಬರು ಬಟ್ಟೆ ಹೊಲಿಯುವ ಅವ್ವ, ಹೊಲಿಗೆ ಮೆಷಿನ್ನಿಗೆ ಅಂತ 40,000 ತಗೊಂಡಿದ್ದರು, ಒಂದು ಕಂತು ತಪ್ಪಿತ್ತು. ನಾನು ನಮಸ್ಕಾರ ಅಂದೆನೋ ಇಲ್ಲವೋ, ಆಕಡೆಯಿಂದ ಖುಷಿಯೋ ಖುಷಿ.

“ಯಪ್ಪಾ, ನಿನಗ ಕನ್ನಡ ಬರ್ತೈತಿ? ಅಲ್ಲೇ ಇರು, ಇಡಬ್ಯಾಡ.”

ಪ್ಲಾಸ್ಟಿಕ್ ಚೀಲ ಬಿಚ್ಚಿದ ಸದ್ದು. ಏಳನೇ ಕ್ಲಾಸಿನ ಮೊಮ್ಮಗಳನ್ನು ಕೂರಿಸಿಕೊಂಡರು. ಅವಳು ಇಂಗ್ಲಿಷ್ ಅಕ್ಷರ ಒಂದೊಂದೇ ಓದೋದು, ನಾನು ಅರ್ಥ ಹೇಳೋದು.

“ಅದು ಪ್ರೊಸೆಸಿಂಗ್ ಫೀ ಅವ್ವಾ. ಸಾಲ… ಅಲ್ಲ, ಲೋನು ಕೊಟ್ಟಿದ್ದಕ್ಕೆ ಹಿಡ್ಕೊಂಡಿದ್ದು.”

“ಕೊಟ್ಟಿದ್ದಕ್ಕ ಹಿಡ್ಕೊಂಡ್ರ? ಮುಂದ ಓದವಾ.”

ಮುಂದೆ ಬೌನ್ಸ್ ಚಾರ್ಜ್ 500. ಖಾತೆಯಲ್ಲಿ ದುಡ್ಡಿಲ್ಲದಿದ್ದಕ್ಕೆ ದಂಡ, ಇದು ನಮ್ಮದು, ನಿಮ್ಮ ಬ್ಯಾಂಕಿನವರು ಬೇರೆ ಹಿಡಿದಿರ್ತಾರೆ ಅಂದೆ.

“ನಾ ಒಂದ್ ಸಲ ಇಲ್ಲಂದಿದ್ದಕ್ಕ ಇಬ್ಬರಿಗೂ ಕೊಡಬೇಕೇನು?”

ಸ್ಕ್ರಿಪ್ಟಿನಲ್ಲಿ ಇದಕ್ಕೆ ಉತ್ತರ ಇಲ್ಲ. ಅಷ್ಟರಲ್ಲಿ ಹುಡುಗಿ ಇನ್‌ಶೂರೆನ್ಸ್ ಅನ್ನೋ ಪದ ಬಿಡಿಸಿ ಓದಿದಳು. 1,180 ರೂಪಾಯಿ, ಸಾಲದಲ್ಲೇ ಸೇರಿಸಿದ್ದು.

“ಯಾರ ವಿಮಾ ಇದು?”

“ನಿಮ್ಮದೇ. ನಿಮಗೆ ಹೆಚ್ಚು ಕಡಿಮೆ ಆದರೆ ಬಾಕಿ ಲೋನು ಅದರಲ್ಲಿ ತೀರುತ್ತೆ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಂದ್ರ ನಾ ಬದುಕಿದ್ರ ರೊಕ್ಕ ನಾ ಕೊಡಬೇಕು, ಸತ್ತರ ವಿಮಾದವರು ನಿಮಗ ಕೊಡ್ತಾರ. ವಿಮಾದ್ದು ನಾನಾ ಕಟ್ಟೀನಿ. ಚಲೋ ಐತಿ ಬಿಡಪ. ನಿಂದು ಊಟ ಆತೇನು?”

ಒಟ್ಟು 26 ನಿಮಿಷ. ನಮಗೆ ಕೊಟ್ಟಿರೋದು ಮೂರು ನಿಮಿಷ. ಕ್ವಾಲಿಟಿಯವರು ಆ ಕಾಲ್ ಅನ್ನು ಯಾರ ಹತ್ತಿರವೋ ಅನುವಾದ ಮಾಡಿಸಿ, ‘ಗ್ರಾಹಕರಿಗೆ ಅನಗತ್ಯ ಮಾಹಿತಿ ನೀಡಲಾಗಿದೆ’ ಅಂತ ಬರೆದು ಸೊನ್ನೆ ಹಾಕಿದರು. ಅನಗತ್ಯ ಮಾಹಿತಿ ಅಂದ್ರೆ, ಅವರೇ ಸಹಿ ಹಾಕಿದ ಕಾಗದದಲ್ಲಿ ಏನಿದೆ ಅನ್ನೋದು. ಮಜಾ ಏನಂದ್ರೆ, ಅವ್ವ ಶುಕ್ರವಾರ ಕಟ್ತೀನಿ ಅಂದವರು ಶುಕ್ರವಾರ ಮಧ್ಯಾಹ್ನವೇ ಕಟ್ಟಿದರು, ದಂಡ ಸಮೇತ. ಅವತ್ತು ನಮ್ಮ ಸಾಲಿನಲ್ಲಿ ಬಂದ ದುಡ್ಡು ಅದೊಂದೇ. ಬೈಯಬೇಕೋ ಬಹುಮಾನ ಕೊಡಬೇಕೋ ಗೊತ್ತಾಗದೆ ಟಿಎಲ್ ಎರಡನ್ನೂ ಕೊಟ್ಟ. ಮೆಮೊ ಒಂದು, 200 ರೂಪಾಯಿಯ ಊಟದ ಕೂಪನ್ ಒಂದು.

ಸಂಜೆ ಥ್ಯಾಂಕ್ಸ್ ಹೇಳೋಕೆ ಅಂತ ಫೋನ್ ಮಾಡಿದೆ. ಅದೂ ಸ್ಕ್ರಿಪ್ಟಿನಲ್ಲಿದೆ. ಗಂಟೆ 6.40.

“ನೀ ಮಾಡ್ತಿ ಅಂತನ ಕಾಯಾಕತ್ತಿದ್ವಿ,” ಅಂದರು ಅವ್ವ. “ನಮ್ಮ ಓಣ್ಯಾನವರು ನಾಲ್ಕು ಮಂದಿ ಕಾಗದ ಹಿಡ್ಕೊಂಡು ಕುಂತಾರ. ಬ್ಯಾರೆ ಕಂಪನಿದಂತ, ನಡೀತೈತಿಲ್ಲ?”

ನಡೆಯಲ್ಲ ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಕೈ ಬದಲಾಗಿತ್ತು.

“ನಮಸ್ಕಾರ್ರೀ ಸರ,” ಅಂತು ಒಂದು ಗಂಡಸಿನ ದನಿ. “ಒಂದ್ ನಿಮಿಷ ಇರ್ರಿ, ಕನ್ನಡಕ ಮನ್ಯಾಗ ಬಿಟ್ಟ ಬಂದೀನಿ.”